ಹರಿಯದ ಕಬ್ಬಿಣ

ಆಗ ಕಿರವತ್ತಿಯ ಶಾಲೆಯಲ್ಲಿ ನಾಲ್ಕನೆಯ ತರಗತಿಗೆ ನಾನೇ ಅಕ್ಕೋರು. ಹಿಂದಿನ ಕಾಲದ ಜನ ಕಲ್ಲು ಕಾಯಿಸಿ ಕಬ್ಬಿಣ ತೆಗೆದು ಹತಾರ ಮಾಡುತ್ತಿದ್ದರು ಎಂಬ ಪಾಠ ಬಂದಾಗ ಮಕ್ಕಳು ನಕ್ಕುಬಿಟ್ಟರು.

"ಕಲ್ಲಾಗ ಕಬ್ಬಿಣ ಇರ್ತೈತೇನ್ರಿ ಅಕ್ಕೋರ?"

"ತೆಗೆದೇ ತೋರಿಸ್ತೇನೆ" ಎಂದೆ. ಹೇಳಿದ ಮೇಲೆ ಮುಗಿಯಿತಲ್ಲ, ಮಾಡಲೇಬೇಕು. ಒಲೆ ಉರಿಸಲು ಹೆಡ್‌ಮಾಸ್ತರರು ಒಂದು ದಿನ ಕೊಟ್ಟರು. ಆ ದಿನ ಸಂಜೆ ಶಾಲೆ ಬಿಡುವ ಗಂಟೆಯೊಳಗೆ ಕಬ್ಬಿಣ ಕಾಣದಿದ್ದರೆ ಇಂಥ ಆಟವೆಲ್ಲ ಬಂದ್, ಪುಸ್ತಕ ಓದಿಸಿದರೆ ಸಾಕು ಎಂದರು.

ಹುತ್ತದ ಮಣ್ಣಿಗೆ ಭತ್ತದ ಹೊಟ್ಟು ಕಲಸಿ ಸೊಂಟದೆತ್ತರದ ಒಲೆ ಕಟ್ಟಿ, ವಾರವಿಡೀ ಒಣಗಿಸಿದ್ದೆವು. ಹಳ್ಳದಲ್ಲಿ ಸಿಗುವ ಭಾರದ ಕರಿಗಲ್ಲನ್ನು ಮಕ್ಕಳು ಸುಟ್ಟು, ಕಡಲೆಕಾಳಿನಷ್ಟು ಸಣ್ಣಗೆ ಕುಟ್ಟಿದ್ದರು. ಗಾಳಿ ಊದುವ ತಿದಿ ಕಮ್ಮಾರರ ಮನೆಯದು. ಬೆಳಿಗ್ಗೆಯಿಂದ ಸರದಿಯ ಮೇಲೆ ಊದಿದೆವು. ಒಂದು ಬುಟ್ಟಿ ಇದ್ದಿಲು, ಒಂದು ಬೊಗಸೆ ಕಲ್ಲು, ಮತ್ತೆ ಇದ್ದಿಲು. ಒಲೆಯ ಬುಡದ ತೂತಿನ ಮುಂದೆ, ಮರಳಿನಲ್ಲಿ ಕತ್ತಿಯ ಅಚ್ಚು ಕೊರೆದಿದ್ದೆ. ಕಬ್ಬಿಣ ಹರಿದು ಬಂದು ಅದರಲ್ಲಿ ತುಂಬುತ್ತದೆಂದು ನನಗೆ ಅನುಮಾನವೇ ಇರಲಿಲ್ಲ.

ಹರಿದೂ ಬಂತು. ಮಕ್ಕಳು ಕುಣಿದರು. ಆರಿದ ಮೇಲೆ ತಟ್ಟಿದರೆ ಗಾಜಿನ ಹಾಗೆ ಚೂರಾಯಿತು! ಗಂಟೆಗೆ ಇನ್ನು ಅರ್ಧ ತಾಸು. ಒಲೆ ಆರಲಿ, ನಾಳೆಯವರೆಗೆ ಗಡುವು ಕೇಳೋಣವೆಂದು ತಿದಿ ನಿಲ್ಲಿಸಿದೆ.

ತಿದಿ ಒಯ್ಯಲು ಬಂದ ಕಮ್ಮಾರರ ಮನೆಯ ಅಜ್ಜಿ ಅಚ್ಚು ನೋಡಿ ನಕ್ಕಳು. "ಬೆಲ್ಲದ ಪಾಕ ಏನ್ರಿ ಅಕ್ಕೋರ, ಹರದು ಬರಾಕ? ಹರದಿದ್ದು ಕಲ್ಲಿನ ಹೊಲಸು. ಕಬ್ಬಿಣ ಒಳಗ ಗಟ್ಟಿ ಕುಂತೈತಿ. ಒಡೀರಿ ಒಲಿ!"

"ಆರುವುದು ಬೇಡವೇ?"

"ಆರಿದ್ರ ಮುಗೀತು. ಕೆಂಪಿದ್ದಾಗ ಬಡದ್ರನ ಉಳಿದ ಹೊಲಸು ಹೊರಗ ಬೀಳತೈತಿ."

ಒಲೆ ಒಡೆದೆವು. ಮೈಯೆಲ್ಲ ತೂತಿದ್ದ ಕೆಂಡದಂಥ ಮುದ್ದೆಯೊಂದನ್ನು ಅಜ್ಜಿ ಇಕ್ಕಳದಲ್ಲಿ ಹಿಡಿದು ಕಲ್ಲಿನ ಮೇಲಿಟ್ಟಳು. ಗದ್ದಲಕ್ಕೆ ಹೆಡ್‌ಮಾಸ್ತರರು ಬಂದರು.

"ಇದು ಕಬ್ಬಿಣವೇ? ಸುಟ್ಟ ಗೆಣಸಿನ ಹಾಗಿದೆಯಲ್ಲ!"

ಅಜ್ಜಿ ಅವರ ಕೈಗೇ ಮರದ ಕೊಡತಿ ಕೊಟ್ಟಳು. "ಮಾತಾಡ್ತಾ ನಿಂತ್ರ ಆರತೈತಿ. ಹೊಡೀರಿ. ಮೆಲ್ಲಕ, ಎಳೇ ಕೂಸೈತಿ."

ಅವರು ಹೊಡೆದರು. ಕರಿ ಹಕ್ಕಳೆ ಉದುರಿತು, ಮುದ್ದೆ ಸಣ್ಣದಾಯಿತು. ಅಜ್ಜಿ ಅದನ್ನು ಕೆಂಡದಲ್ಲಿ ಮತ್ತೆ ಕಾಯಿಸಿ, ಈ ಸಲ ಸುತ್ತಿಗೆಯಿಂದ ಬಡಿದಳು. ಚೂರಾಗಲಿಲ್ಲ, ಅಗಲವಾಯಿತು.

"ಕಬ್ಬಿಣ!" ಎಂದು ಮಕ್ಕಳು ಕೂಗಿದರು.

ಹೆಡ್‌ಮಾಸ್ತರರು ಬೆವರೊರೆಸಿಕೊಂಡು ಅಜ್ಜಿಯನ್ನು ಕೇಳಿದರು: "ಮುಂದಿನ ವರ್ಷವೂ ಈ ಪಾಠ ಹೇಳಲು ಬರುತ್ತೀಯಾ?"

"ಬರ್ತೇನ್ರಿ. ಅಕ್ಕೋರ್ನ ಮಕ್ಕಳ ಜೋಡಿ ಮುಂದಿನ ಸಾಲಿನ್ಯಾಗ ಕುಂದರಸ್ರಿ."

ಮರುವರ್ಷ ಮಕ್ಕಳ ನಡುವೆ ಕುಳಿತು ನಾನೂ ಆ ಪಾಠ ಕೇಳಿದೆ.