ಅತ್ತಿಗೆ ಸಹಿ ಹಾಕಬೇಕಿದ್ದ ಹಾಳೆ

ಪುಸ್ತಕಕ್ಕೆ ರಟ್ಟು ಕಟ್ಟುವ ಬೈಂಡರ್ ಆ ವಕೀಲೆಯನ್ನು ಮೊದಲು ನೋಡಿದಾಗ ಆಕೆ ಕುರ್ಚಿಯ ಮೇಲೆ ನಿಂತು ಗೋಡೆ ಗಡಿಯಾರಕ್ಕೆ ಸೆಲ್ ಹಾಕುತ್ತಿದ್ದರು. ಔಷಧಿ ಅಂಗಡಿಯ ಮಹಡಿ, ಕಿರಿದಾದ ಕೋಣೆ. ಒಂದು ದುಂಡು ಮೇಜು, ಮೂರು ಕುರ್ಚಿ. ಕಪ್ಪು ಕೋಟು ಎಲ್ಲೂ ಕಾಣಲಿಲ್ಲ. ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದ ನೋಡಿ, “ಕೂತ್ಕೊಳ್ಳಿ, ಇಳೀತೀನಿ” ಎಂದರು.

ಅಷ್ಟು ತಾಳ್ಮೆ ಅವನಿಗಿರಲಿಲ್ಲ. ಅಣ್ಣ ತೀರಿಕೊಂಡ ಮೇಲೆ ಬೈಂಡಿಂಗ್ ಅಂಗಡಿಯ ಕಟಿಂಗ್ ಮಷಿನ್ ತನ್ನದೆಂದು ಅವನು, ತನ್ನದೆಂದು ಅತ್ತಿಗೆ. ಬಾಗಿಲಿಗೆ ಇಬ್ಬರದೂ ಒಂದೊಂದು ಬೀಗ ಬಿದ್ದು ಐದು ತಿಂಗಳಾಗಿತ್ತು. ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಎಂದು ಹೆದರಿ, ಹೊರಗೇ ಇತ್ಯರ್ಥ ಮಾಡುವವರನ್ನು ಹುಡುಕುತ್ತ ಬಂದಿದ್ದ. ಎಲ್ಲವನ್ನೂ ಒಂದೇ ಉಸಿರಿಗೆ ಒದರಿದ. “ಅವರಿಗೆ ಅಂಟು ಕಾಯಿಸೋಕೂ ಬರಲ್ಲ ಮೇಡಂ” ಎಂದೂ ಸೇರಿಸಿದ.

ವಕೀಲೆ ಕೈ ಎತ್ತಿದರು. “ಸಾಕು. ಇನ್ನೂ ಕೇಳಿದ್ರೆ ನಾನು ನಿಮ್ಮ ಕಡೆಯವಳಾಗ್ಬಿಡ್ತೀನಿ.”

“ಅದಕ್ಕೇ ತಾನೇ ಬಂದಿದ್ದು?”

“ಇಬ್ಬರೂ ಒಪ್ಪಿ ಕೂರಿಸಿದ್ರೆ ಮಾತ್ರ ನಾನು ತೀರ್ಪು ಹೇಳಬಹುದು. ನೀವು ಒಬ್ಬರೇ ಬಂದು ಅರ್ಧ ಕಥೆ ಹೇಳಿಬಿಟ್ರಿ.”

ಅವನು ಹೇಳಿದ್ದನ್ನೆಲ್ಲ, ಅಂಟಿನ ವಿಷಯವನ್ನೂ ಬಿಡದೆ, ಹಾಳೆಯೊಂದರಲ್ಲಿ ಬರೆದು ಕೊಟ್ಟರು. “ಅತ್ತಿಗೆಗೆ ತೋರಿಸಿ. ನಾನು ಇಷ್ಟು ಕೇಳಿದ ಮೇಲೂ ತೀರ್ಪಿಗೆ ನಾನೇ ಆಗಬಹುದು ಅಂತ ಅವರು ಸಹಿ ಹಾಕಿದ್ರೆ ನೋಡೋಣ.”

ಇದೆಂಥ ವಕೀಲಿಕೆಯೋ ಎಂದು ದಾರಿಯುದ್ದಕ್ಕೂ ತಲೆ ಕೆರೆದುಕೊಂಡ. ಹಾಳೆ ಹರಿದೆಸೆಯಲು ಎರಡು ಸಲ ಮನಸ್ಸಾಯಿತು. ಆದರೆ ಮುಂದೇನು ಮಾಡುತ್ತಾರೆಂದು ನೋಡುವ ಕುತೂಹಲ ಬಿಡಲಿಲ್ಲ.

ಅತ್ತಿಗೆ ಬಾಗಿಲಲ್ಲೇ ನಿಂತು ಓದಿದರು. “ಅಂಟು ಕಾಯಿಸೋಕೆ ಬರಲ್ವಾ ನಂಗೆ? ನಿನಗೆ ಕಲಿಸಿದ್ಯಾರೋ?”

“ಅಣ್ಣ.”

“ನಿಮ್ಮಣ್ಣಂಗೆ?”

ಅವನು ಜೇಬಿನಿಂದ ಪೆನ್ನು ತೆಗೆದ.

“ಪೆನ್ನು ಕೊಡು. ನಿನ್ನ ಬಾಯಿಬಡುಕುತನಾನ ಇಷ್ಟು ನೆಟ್ಟಗೆ ಬರೆದವಳ ಮುಖ ನೋಡಬೇಕು.”

ಮೂರನೆಯ ದಿನ ಎರಡೂ ಬೀಗ ತೆಗೆದರು. ತೀರ್ಪು ಏನೇ ಬಂದರೂ ಒಪ್ಪುತ್ತೇವೆಂದು ಇಬ್ಬರೂ ಬರೆದುಕೊಟ್ಟ ಮೇಲೆ ವಕೀಲೆ ಮಷಿನ್ ಸುತ್ತ ಎರಡು ಸುತ್ತು ಬಂದರು. ಅದನ್ನು ಅಣ್ಣ, ಅತ್ತಿಗೆ, ಅವನು ಮೂವರೂ ಒಟ್ಟಿಗೆ ದುಡಿಯುವಾಗ ಕೊಂಡದ್ದು. ಕಾಗದಪತ್ರ ಯಾರ ಬಳಿಯೂ ಇರಲಿಲ್ಲ. ಈ ಚಕ್ರ ಯಾಕೆ, ಎಣ್ಣೆ ಎಲ್ಲಿಗೆ, ಒಂದೇ ಸಲಕ್ಕೆ ಎಷ್ಟು ಹಾಳೆ ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರಂತೆ ಕೇಳಿದರು. ಕೊನೆಗೆ ಬೈಂಡರನ ಕಡೆ ತಿರುಗಿ, “ಅಲಗು ಬಿಚ್ಚಿ ಸಾಣೆ ಹಿಡಿಸೋದು ಯಾರು?” ಎಂದರು.

ನಾನೇ ಎನ್ನಬಹುದಿತ್ತು. ಅಲ್ಲವೆನ್ನಲು ಅತ್ತಿಗೆಯನ್ನು ಬಿಟ್ಟರೆ ಸಾಕ್ಷಿಯಿಲ್ಲ. ನಿಜ ಹೇಳಿದರೆ ಮಷಿನ್ ಕೈತಪ್ಪುವುದೂ ಕಾಣುತ್ತಿತ್ತು. ಆದರೂ “ಅತ್ತಿಗೆ” ಎಂದ. “ಹನ್ನೆರಡು ವರ್ಷದಿಂದ ಅವರೇ. ನಂಗೆ ಬಿಚ್ಚೋಕೆ ಬರಲ್ಲ.”

ಮಷಿನ್ ಅತ್ತಿಗೆಗೆ, ಆದರೆ ವಾರಕ್ಕೆ ಮೂರು ಬೆಳಗ್ಗೆ ಅದರ ಮೇಲೆ ಕೆಲಸ ಮಾಡುವ ಹಕ್ಕು ಮೈದುನನಿಗೆ. ಪುಸ್ತಕ ಹೊಲಿಯುವ ಕೆಲಸವೆಲ್ಲ ಅವನದು. ತೀರ್ಪು ಕೇಳಿ ಅವನ ಮುಖ ಸಪ್ಪಗಾಯಿತು.

“ಮೊದಲು ಅಲಗು ಬಿಚ್ಚೋದು ಕಲಿ, ಆಮೇಲೆ ಮುಖ ಊದಿಸ್ಕೋ” ಎಂದರು ಅತ್ತಿಗೆ. ಮರುದಿನವೇ ಅಂಗಡಿ ತೆರೆಯಿತು.

ವಕೀಲೆ ಹದಿನಾಲ್ಕು ವರ್ಷ ಕೋರ್ಟಿನಲ್ಲಿ ವಾದಿಸಿ ಬಿಟ್ಟವರೆಂದು ಅವನಿಗೆ ಆಮೇಲೆ ತಿಳಿಯಿತು. ಯಾಕೆ ಬಿಟ್ಟಿರೆಂದು ಕೇಳಿದ್ದಕ್ಕೆ, “ಅಲ್ಲಿ ನನ್ನ ಸರದಿ ಬರೋ ಹೊತ್ತಿಗೆ ಕೇಳಬೇಕಾದ ಪ್ರಶ್ನೇನೇ ಮರೆತುಹೋಗ್ತಿತ್ತು” ಎಂದು ನಕ್ಕಿದ್ದರು. ಈಗ ಆಕೆ ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ವಾರಕ್ಕೆ ನಾಲ್ಕು ದಿನ ಕೂತು ಪಾಲುದಾರರ, ಬಾಡಿಗೆದಾರರ, ನೆಂಟರ ತಕರಾರುಗಳನ್ನು ಕೇಳಿ ತೀರ್ಪು ಬರೆಯುತ್ತಾರೆ.