ಯಾರಿಗೂ ಸೇರದೆ ಉಳಿಯುತ್ತಿದ್ದ ಎಳ್ಳು

ಹೊಳೆನರಸೀಪುರದಲ್ಲಿ ಮೊದಲ ಬಸ್ಸೇ ತಪ್ಪಬಹುದಿತ್ತು. ಸಿಕ್ಕಿದರೂ ಮಂಜಿನಲ್ಲಿ ಕಬ್ಬಿನ ಟ್ರ್ಯಾಕ್ಟರಿಗೆ ಗುದ್ದಬಹುದಿತ್ತು. ಫೈಲು ಸೀಟಿನ ಮೇಲೆ ಉಳಿಯಬಹುದಿತ್ತು, ಲ್ಯಾಬಿನವರು ಬೇರೆ ಯಾರದೋ ರಿಪೋರ್ಟು ಕೊಡಬಹುದಿತ್ತು, ಹಬ್ಬವೆಂದು ಡಾಕ್ಟರು ಬಾರದಿರಬಹುದಿತ್ತು, ಚಳಿಗೆ ನನಗೇ ಎದೆ ಹಿಡಿದು ಹೆಂಡತಿಯೇ ನನ್ನನ್ನು ನೋಡಿಕೊಳ್ಳುವಂತಾಗಬಹುದಿತ್ತು. ಇಷ್ಟಕ್ಕೂ ತಯಾರಾಗಿ ಜೆರಾಕ್ಸು, ಮಾತ್ರೆ, ಫ್ಲಾಸ್ಕು, ಟಾರ್ಚು ಎಲ್ಲವನ್ನೂ ಚೀಲಕ್ಕೆ ತುಂಬಿದ್ದೆ.

"ರೀ, ಹಗಲೊತ್ತು ಹೋಗ್ಬರಕ್ಕೆ ಟಾರ್ಚ್ ಯಾಕ್ರೀ?" ಎಂದಳು ಮಂಗಳ. ನಾನು ಅದನ್ನು ಚೀಲದ ತಳಕ್ಕೆ ತಳ್ಳಿದೆ.

ನಿಜವಾದ ಭಯವನ್ನು ಮಾತ್ರ ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ. ಅವಳ ಎದೆಯಲ್ಲೊಂದು ಗಂಟು ಕಂಡು, ಹಾಸನದಲ್ಲಿ ಸೂಜಿ ಹಾಕಿ ಪರೀಕ್ಷೆಗೆ ಕಳಿಸಿ ಎಂಟು ದಿನವಾಗಿತ್ತು. ಫಲಿತಾಂಶ ಸಿಗುವುದು ಸಂಕ್ರಾಂತಿಯ ದಿನವೇ ಎಂದಿದ್ದರು.

ಗಾಬರಿ ನನ್ನ ಹುಟ್ಟುಗುಣ, ಒಪ್ಪುತ್ತೇನೆ. ಆದರೆ ನಾನು ಗಾಬರಿಪಡುವುದು ಬಸ್ಸು, ಬಿಪಿ, ಗ್ಯಾಸ್ ಸಿಲಿಂಡರಿನಂಥ ಮರ್ಯಾದಸ್ಥ ವಿಷಯಗಳಿಗೆ. ಶಕುನ, ಕನಸು, ಕಾಣದ ಕೈವಾಡ ಎಂದು ಯಾರಾದರೂ ಶುರುಮಾಡಿದರೆ ಎದ್ದು ಕಾಫಿಗೆ ಹೋಗುತ್ತಿದ್ದವನು. ಈಗ ಬರೆಯುತ್ತಿರುವುದನ್ನು ಬೇರೆಯವರು ಹೇಳಿದ್ದರೂ ಹಾಗೇ ಎದ್ದುಹೋಗುತ್ತಿದ್ದೆ.

ಆ ವರ್ಷ ಮಂಗಳ ಎಳ್ಳು ಮಾಡಿರಲಿಲ್ಲ. ಮದುವೆಯಾದ ಮೇಲೆ ಒಂದು ವರ್ಷವೂ ತಪ್ಪಿಸಿರಲಿಲ್ಲ. ಕೊಬ್ಬರಿ ಹೆಚ್ಚಿ ಹೆಚ್ಚಿ ಬೆರಳಲ್ಲಿ ಬೊಕ್ಕೆ ಬರುತ್ತಿತ್ತು. "ತಟ್ಟೆ ಹಿಡ್ಕೊಂಡು ಮನೆಮನೆಗೂ ಹೋಗಿ ನಗಕ್ಕೆ ನನ್ ಕೈಲಾಗಲ್ಲ" ಎಂದಿದ್ದಳು. ನಾನು ಒತ್ತಾಯ ಮಾಡಲಿಲ್ಲ.

ಹಾಸನ ತಲುಪಿದಾಗ ಎಂಟೂವರೆ. ಹಬ್ಬದ ದಿನವಾದ್ದರಿಂದ ಲ್ಯಾಬು ತೆರೆಯುವುದು ಹನ್ನೊಂದಕ್ಕೆ ಎಂದು ಕಾವಲಿನವನು ಹೇಳಿದ. ಎರಡೂವರೆ ಗಂಟೆ ಎಲ್ಲಿ ಕಳೆಯುವುದು? ಊರೆಲ್ಲ ಕಬ್ಬು, ಅವರೆಕಾಯಿ, ಹೊಸ ಲಂಗದ ಮಕ್ಕಳು. ನಾವಿಬ್ಬರು ಮಾತ್ರ ತಿಥಿಗೆ ಹೊರಟವರ ಹಾಗೆ ನಡೆದೆವು. ಹಿಂದಿನ ಬೀದಿಯೊಂದರಲ್ಲಿ ಅವಳು ಕಾಲು ಸೋತು, ಒಂದು ಮನೆಯ ಗೇಟಿನ ಪಕ್ಕದ ಕಲ್ಲುಚಪ್ಪಡಿಯ ಮೇಲೆ ಕುಳಿತಳು. ನಾನು ಫೈಲು ಅಪ್ಪಿಕೊಂಡು ನಿಂತೆ.

ಒಳಗಿನಿಂದ ನಮ್ಮದೇ ವಯಸ್ಸಿನ ಹೆಂಗಸೊಬ್ಬರು ಬಂದರು. "ಅಯ್ಯೋ, ಮುತ್ತೈದೆ ಬಾಗ್ಲಲ್ಲಿ ಕೂತ್ಕೊಂಡು ಹಂಗೇ ಹೋಗದಾ? ಬನ್ನಿ ಕಣಮ್ಮ, ಕುಂಕುಮ ತಗೊಂಡ್ ಹೋಗಿ. ಬನ್ನಿ ಸಾ, ನೀವೂ."

ನಮ್ಮನ್ನು ಕೂರಿಸಿ, ಕುಂಕುಮ ಕೊಟ್ಟು, ಎಳ್ಳು ಬಟ್ಟಲಿಗೆ ಹಾಕುತ್ತಲೇ ಕೇಳಿದರು: "ಯಾವೂರಾಯ್ತು? ಏನಮ್ಮ ನಿಮ್ ಹೆಸ್ರು?"

"ನರಸೀಪುರ. ಸರ್ವಮಂಗಳ ಅಂತ."

ಅವರ ಕೈ ನಿಂತಿತು. "ತವ್ರು?"

"ಅರಕಲಗೂಡು."

ಆಕೆ ಒಳಗೆ ಹೋಗಿ ಒಂದು ಹಳೆಯ ನೋಟ್‌ಬುಕ್ಕನ್ನೂ ಒಂದು ಎಳ್ಳಿನ ಪೊಟ್ಟಣವನ್ನೂ ತಂದರು. ಎಳ್ಳು ಕೊಡಬೇಕಾದವರ ಪಟ್ಟಿ ಅದು. ಆರು ವರ್ಷದ ಹಿಂದೆ ತೀರಿಕೊಂಡ ಅವರ ಅತ್ತೆ ಬರೆದಿಟ್ಟದ್ದು. ಸೊಸೆ ಈಗಲೂ ಅದನ್ನೇ ನೋಡಿ, ಒಂದೊಂದು ಹೆಸರಿಗೆ ಒಂದೊಂದು ಪೊಟ್ಟಣ ಕಟ್ಟಿ, ಮೇಲೆ ಹೆಸರು ಬರೆಯುತ್ತಿದ್ದರು. ಕೊನೆಯ ಸಾಲು ನೇರಳೆ ಶಾಯಿಯಲ್ಲಿತ್ತು: ಸರ್ವಮಂಗಳ, ನರಸೀಪುರ, ತವರು ಅರಕಲಗೂಡು.

"ಇದ್ಯಾರೋ ನಮ್ಗೆ ಗೊತ್ತಿಲ್ಲ ಕಣಮ್ಮ. ನೆಂಟ್ರನ್ನೆಲ್ಲ ಕೇಳಿದ್ದಾಯ್ತು. ಅತ್ತೆ ಬರ್ದವ್ರೆ ಅಂತ ಪ್ರತಿ ವರ್ಷ ಕಟ್ತೀನಿ. ರಥಸಪ್ತಮಿವರ್ಗೂ ಕಾದು, ನಾವೇ ತಿಂದ್ಬುಡ್ತೀವಿ."

ಆಮೇಲೆ ಅರ್ಧ ಗಂಟೆ ಇಬ್ಬರು ಹೆಂಗಸರೂ ನಂಟು ಹುಡುಕಿದರು. ಚನ್ನರಾಯಪಟ್ಟಣದ ಸೋದರತ್ತೆ, ಹಿರೀಸಾವೆಗೆ ಕೊಟ್ಟ ಅಕ್ಕ, ಹರದನಹಳ್ಳಿಯ ಬೀಗರು, ಯಾರದೋ ಮದುವೆ. ನಮ್ಮ ಕಡೆಯ ಹೆಂಗಸರು ಮೂರು ಮಾತಿನಲ್ಲಿ ಹುಡುಕಿಬಿಡುವ ನಂಟು ಅಂದು ಸಿಗಲೇ ಇಲ್ಲ. ಗೋಡೆಯಲ್ಲಿದ್ದ ಆ ಅತ್ತೆಯ ಫೋಟೊವನ್ನು ಮಂಗಳ ಹತ್ತಿರ ಹೋಗಿ ನೋಡಿದಳು. ಕಂಡ ಮುಖವಲ್ಲ.

ಅದೇ ಹೆಸರಿನ ಇನ್ನೊಬ್ಬಳಿರಬಹುದು ಎಂದೆ ನಾನು.

"ಇದ್ರೆ ಅವ್ಳು ಬರ್ಬೇಕಿತ್ತಲ್ಲ ಸಾ, ಇಷ್ಟು ವರ್ಷದಲ್ಲಿ?" ಎಂದರು ಆಕೆ. ಪೊಟ್ಟಣವನ್ನು ಮಂಗಳಳ ಕೈಗಿಟ್ಟು, "ತಗೊಳಮ್ಮ, ನಿಂದೇ ಇದು. ಎಷ್ಟೊತ್ಗೆ ಬಂದೆ ನೋಡು!" ಎಂದು ಗದರಿದರು. ಮಂಗಳ ನಕ್ಕಳು. ಎಂಟು ದಿನದಲ್ಲಿ ಮೊದಲ ಸಲ. ನಗುತ್ತಲೇ ಅತ್ತಳು, ಆ ಹೆಂಗಸು ಕಾರಣ ಕೇಳದೆ ಅವಳ ಬೆನ್ನು ಸವರಿದರು.

ಲ್ಯಾಬಿಗೆ ನಡೆಯುವಾಗ ಅವಳು ದಾರಿಯುದ್ದಕ್ಕೂ ಎಳ್ಳು ತಿಂದಳು. ನನಗೂ ಕೊಟ್ಟಳು. ಕೈ ತೊಳೆದಿಲ್ಲವೆಂಬುದು ತಿಂದ ಮೇಲೆ ನೆನಪಾಯಿತು. ಡಾಕ್ಟರು ರಿಪೋರ್ಟು ಓದಿ, "ಕೊಬ್ಬಿನ ಗಂಟಮ್ಮ, ಭಯ ಇಲ್ಲ. ಹೋಗಿ ಹಬ್ಬ ಮಾಡಿ" ಎಂದರು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ.

ರಿಪೋರ್ಟು ಹಿಂದಿನ ದಿನವೇ ಟೈಪಾಗಿತ್ತು. ಪೊಟ್ಟಣಕ್ಕೂ ಅದಕ್ಕೂ ನಂಟು ಕಟ್ಟುವ ಹುಚ್ಚು ನನಗಿಲ್ಲ. ಆದರೆ ಕಾಣದ ಮುದುಕಿಯೊಬ್ಬರು ನನ್ನ ಹೆಂಡತಿಯ ಹೆಸರನ್ನು, ಊರನ್ನು, ತವರನ್ನು ಯಾಕೆ ಬರೆದಿಟ್ಟರು? ಎಷ್ಟು ಯೋಚಿಸಿದರೂ ತಿಳಿದಿಲ್ಲ. ಈಗೀಗ ಯಾರಾದರೂ ಇಂಥ ಕತೆ ಶುರುಮಾಡಿದರೆ ಕಾಫಿಗೆ ಏಳದೆ ಕೂತಿರುತ್ತೇನೆ, ಅಷ್ಟೆ.

ಮರುವರ್ಷ ಮಂಗಳ ಎರಡರಷ್ಟು ಎಳ್ಳು ಮಾಡಿದಳು. ಹಾಸನದ ಮನೆಗೆಂದು ಮೊದಲ ಪೊಟ್ಟಣ ಕಟ್ಟಿ, ಮೇಲೆ ಬರೆಯಲು ಪೆನ್ನು ಹಿಡಿದು, ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಆ ಹೆಂಗಸಿನ ಹೆಸರನ್ನು ಇಬ್ಬರೂ ಕೇಳಿರಲಿಲ್ಲ.