ಡೋಲ್ಫಿ ಅಂಕಲ್ ತರುತ್ತಿದ್ದ ಪಾರ್ಸೆಲ್

ಕುವೈತಿನ ಅಬ್ಬಾಸಿಯಾದ ಆ ಕಟ್ಟಡದಿಂದ ಊರಿಗೆ ಹೋಗಿ ಬರುವವರ ಬ್ಯಾಗಿನಲ್ಲಿ ಅವರ ಸ್ವಂತ ಸಾಮಾನು ಅರ್ಧವೂ ಇರುವುದಿಲ್ಲ. ಒಬ್ಬರ ಕನ್ನಡಕ, ಇನ್ನೊಬ್ಬರ ಒಣಮೀನು, ಮತ್ತೊಬ್ಬರ ಮಗಳ ಫ್ರಾಕು. ಕೊಟ್ಟದ್ದನ್ನು ಬಿಚ್ಚಿ ನೋಡುವುದು ಅಲ್ಲಿ ಮರ್ಯಾದೆಯಲ್ಲ. ಜೂಲಿಯಾನಾ ಮೂರು ವರ್ಷ ಆ ಮರ್ಯಾದೆಯ ಮರೆಯಲ್ಲೇ ಬದುಕಿದಳು.

ಅವಳು ಹಳಿಯಾಳದ ಕಡೆಯ ಸಿದ್ದಿ ಹುಡುಗಿ. ಮಂಗಳೂರಿನಲ್ಲಿ ನರ್ಸಿಂಗ್ ಕಲಿತು, ಅಲ್ಲಿಯೇ ಸ್ಟ್ಯಾನಿಯನ್ನು ಮೆಚ್ಚಿ ಮದುವೆಯಾಗಿ, ಕುವೈತಿಗೆ ಬಂದು ಹಲ್ಲಿನ ಕ್ಲಿನಿಕ್ಕೊಂದರಲ್ಲಿ ಕೆಲಸಕ್ಕೆ ಸೇರಿದವಳು. ಅವಳ ಕಪ್ಪು ಮೈ, ಗುಂಗುರು ಕೂದಲು ನೋಡಿ ಲಿಫ್ಟಿನಲ್ಲಿ ಜನ "ಸುಡಾನ್? ಇಥಿಯೋಪಿಯಾ?" ಎಂದು ಕೇಳುತ್ತಾರೆ. "ಇಂಡಿಯಾ" ಎಂದರೆ ನಗುತ್ತಾರೆ. ಆ ನಗು ಅವಳಿಗೆ ತಾಗದು. ತಾಗಿದ್ದು ಸ್ಟ್ಯಾನಿಯ ತಾಯಿ ಮದುವೆಯ ದಿನ ನೆಂಟರೆದುರು ಆಡಿದ ಮಾತು: "ಹುಡುಗಿ ಕ್ಲೀನ್ ಇದ್ದಾಳೆ, ಹಾಗೆಲ್ಲ ಇಲ್ಲ." ಆ 'ಹಾಗೆಲ್ಲ'ದೊಳಗೆ ಏನೇನಿದೆಯೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಂದಿನಿಂದ ಅವಳ ಸಿಂಕಿನಲ್ಲಿ ತೊಳೆಯದ ಚಮಚ ಉಳಿದದ್ದಿಲ್ಲ. ಮಗಳು ಶೆರಿಲಳ ಯೂನಿಫಾರ್ಮಿನಲ್ಲಿ ನೆರಿಗೆ ತಪ್ಪಿದ್ದಿಲ್ಲ. ತಾನೊಬ್ಬಳು ಜಾರಿದರೆ ಸಿದ್ದಿಗಳೆಲ್ಲ ಹೀಗೇ ಎಂದಾಗುತ್ತದೆ ಎಂಬ ಹೆದರಿಕೆ.

ಜಾರಿದ್ದು ಶೆರಿಲ್ ಹುಟ್ಟಿದ ಮೇಲೆ. ಸಿಸೇರಿಯನ್ನಿನ ಹೊಲಿಗೆ, ಸೊಂಟನೋವು, ಊರಿನ ಡಾಕ್ಟರು ಬರೆದುಕೊಟ್ಟ ಹತ್ತು ದಿನದ ಮಾತ್ರೆ. ನೋವು ಹೋದ ಮೇಲೂ ಅವಳು ಮಾತ್ರೆ ಬಿಡಲಿಲ್ಲ. ನುಂಗಿ ಅರ್ಧ ಗಂಟೆಯಾದರೆ ಎದೆಯ ಬಿಗಿ ಸಡಿಲಿ, ಮಗುವಿನ ಅಳು ಪಕ್ಕದ ಮನೆಯದೇನೋ ಎನ್ನುವಷ್ಟು ದೂರ ಹೋಗುತ್ತಿತ್ತು. ಅದು ಮಾಡುವ ಕೆಡುಕು ನರ್ಸಾದ ಅವಳಿಗೆ ಬಾಯಿಪಾಠ. ಕುವೈತಿನಲ್ಲಿ ಡಾಕ್ಟರ ಚೀಟಿಯಿಲ್ಲದೆ ಅದು ಸಿಗದು, ಸಿಕ್ಕಿಬಿದ್ದರೆ ಜೈಲು. ಊರಿನಲ್ಲಿ ತಮ್ಮ ಇನಾಸ ತಲೆನೋವಿನ ಮಾತ್ರೆಯೆಂದೇ ನಂಬಿ, ಅಕ್ಕ ಹೇಳಿಕೊಟ್ಟಂತೆ ಮಗುವಿನ ರಾಗಿ ಹಿಟ್ಟಿನ ಡಬ್ಬಿಯಲ್ಲಿ ಹುದುಗಿಸಿ ಮಂಗಳೂರಿಗೆ ಕಳಿಸುತ್ತಿದ್ದ. ಅಲ್ಲಿಂದ ಯಾರಾದರೂ ತರುತ್ತಿದ್ದರು. ಮೂರು ಸಲ ತಂದವರು ಕೆಳಗಿನ ಮನೆಯ ಡೋಲ್ಫಿ ಅಂಕಲ್.

ಅವರು ನಾಲ್ಕನೆಯ ಸಲ ತರುವ ಹಿಂದಿನ ಸಂಜೆ, ಅವರ ಹೆಂಡತಿ ಫೆಲ್ಸಿ ಮೀನುಸಾರು ಹಿಡಿದು ಮೇಲೆ ಬಂದಳು.

"ಗೊತ್ತುಂಟಾ ಜೂಲಿ, ಎದುರು ಮನೆಯ ರಾಯ್‌ನ ಗ್ಯಾರೇಜಿನ ಒಬ್ಬ ಮೆಕ್ಯಾನಿಕ್ ಯಾರದ್ದೋ ಉಪ್ಪಿನಕಾಯಿ ಬಾಟ್ಲಿ ತಂದದ್ದಂತೆ. ಅದರೊಳಗೆ ಮಾತ್ರೆ. ಏರ್‌ಪೋರ್ಟಲ್ಲೇ ಹಿಡಿದ್ರು. ನಂದಲ್ಲ ಅಂದ್ರೆ ಯಾರು ಕೇಳ್ತಾರೆ? ನಮ್ಮವರಿಗೆ ಫೋನಲ್ಲಿ ಹೇಳಿದೆ, ಎಲ್ಲ ಬಿಚ್ಚಿ ನೋಡಿ ಅಂತ. ಜೂಲಿಯ ರಾಗಿಯಲ್ಲಿ ಎಂತ ನೋಡ್ಲಿಕ್ಕುಂಟು, ನಿನ್ನ ಒಣಮೀನಿನ ವಾಸನೆಗೇ ಪೊಲೀಸರು ಓಡಿಹೋಗ್ತಾರೆ ಅಂದ್ರು!"

ಫೆಲ್ಸಿ ನಕ್ಕಳು. ಜೂಲಿಯಾನಾ ಕೂಡ ನಕ್ಕಳು.

ಮರುದಿನ ಶುಕ್ರವಾರ, ಅಲ್ಲಿನ ವಾರದ ರಜೆ. ಸ್ಟ್ಯಾನಿ ಮಗಳನ್ನು ಚರ್ಚಿಗೆ ಕರೆದುಕೊಂಡು ಹೋಗಿದ್ದ. ಹತ್ತು ಗಂಟೆಗೆ ಡೋಲ್ಫಿ ಮಂಗಳೂರಿನ ಏರ್‌ಪೋರ್ಟಿನಿಂದ ಫೋನ್ ಮಾಡಿದರು.

"ಜೂಲಿ, ತೂಕ ಜಾಸ್ತಿ ಆಯ್ತು. ನಿನ್ನ ಡಬ್ಬಿ ಕೈಚೀಲಕ್ಕೆ ಹಾಕಿದ್ದೇನೆ. ಹೆದರ್ಬೇಡ, ಮಗುವಿನ ಊಟ ಬಿಟ್ಟು ಬರುವವ ಅಲ್ಲ ನಾನು."

ಅವಳ ಬಳಿ ಉಳಿದದ್ದು ಆರು ಮಾತ್ರೆ. ಡಬ್ಬಿ ಬಾರದಿದ್ದರೆ ನಾಳೆ ಬೆಳಿಗ್ಗೆ ಮೈ ನಡುಗಲು ಶುರುವಾಗುತ್ತದೆ. ಅದು ಅವಳಿಗೆ ಮೊದಲು ಹೊಳೆಯಿತು. ಆಮೇಲೆ ಡೋಲ್ಫಿಯ ಮುಖ. ಆ ಕ್ರಮವನ್ನು ನೆನೆದರೆ ಅವಳಿಗೆ ಇಂದಿಗೂ ನಾಚಿಕೆ.

"ಅಂಕಲ್, ಆ ಹಿಟ್ಟಿಗೆ ಹುಳ ಬಿದ್ದಿದೆಯಂತೆ. ಅಲ್ಲೇ ಬಿಸಾಕಿ."

"ಎಂತ ಹುಳ? ನಿನ್ನ ತಾಯಿ ಹುರಿದು ಬೀಸಿದ್ದಲ್ವಾ? ಬಂದ ಮೇಲೆ ಜರಡಿ ಹಿಡಿ. ತಿನ್ನುವ ವಸ್ತು ಬಿಸಾಕ್ಲಿಕ್ಕೆ ನನ್ನತ್ರ ಹೇಳ್ಬೇಡ."

"ಬಿಸಾಕ್ರಿ ಅಂಕಲ್, ಕೈ ಮುಗೀತೀನಿ!" ಹೆದರಿದಾಗ ಅವಳ ಬಾಯಿಗೆ ಊರಿನ ಮಾತು ಬರುತ್ತದೆ.

"ಮಂಡೆ ಸಮ ಉಂಟಾ ಮಾರಾಯ್ತಿ? ಕ್ಯೂ ಮುಂದೆ ಹೋಗ್ತಾ ಉಂಟು. ಫೋನ್ ಇಡ್ತೇನೆ."

"ಅದ್ರಾಗ ಮಾತ್ರೆ ಅದಾವ್ರಿ. ನಾ ತಿನ್ನೋವು. ಅವಿಲ್ದ ನಂಗ ಇರಾಕ ಆಗಂಗಿಲ್ಲ."

ಆ ಕಡೆ ವಿಮಾನದ ಕರೆ ಕೇಳುತ್ತಿತ್ತು.

"ಹಿಂದೆ ತಂದದ್ರಲ್ಲೂ?"

"ಹ್ಞೂಂ."

"ಮೂರರಲ್ಲೂ?"

ಅವಳು ಉತ್ತರ ಕೊಡುವ ಮೊದಲೇ ಫೋನ್ ಕಟ್ಟಾಯಿತು. ಮುಕ್ಕಾಲು ಗಂಟೆ ಅವಳು ಅಡಿಗೆಮನೆಯ ನೆಲದ ಮೇಲೆ ಕೂತಿದ್ದಳು. ಆಮೇಲೆ ಸಂದೇಶ ಬಂತು: "ಖಲಾಸ್. ಎಲ್ಲ ಬಿಸಾಡಿದೆ. ಸ್ಟ್ಯಾನಿಗೆ ನೀನು ಹೇಳ್ತೀಯಾ, ನಾನು ಹೇಳ್ಬೇಕಾ?"

ಸ್ಟ್ಯಾನಿ ಬಾಗಿಲಲ್ಲಿ ಮಗಳ ಶೂ ಬಿಚ್ಚುತ್ತಿದ್ದಾಗಲೇ ಹೇಳಿಬಿಟ್ಟಳು. "ದಿನಕ್ಕೆ ಎಷ್ಟು?" ಎಂದು ಕೇಳಿದ. "ಎರಡು" ಎಂದಳು. ಅವನು ಬೈಯಲಿಲ್ಲ. ಆರು ಮಾತ್ರೆ ಜೇಬಿಗೆ ಹಾಕಿಕೊಂಡು, ನೆಲಕ್ಕೆ ಪೇಪರ್ ಹಾಸಿ, ಅಡಿಗೆಮನೆಯ ಡಬ್ಬಿಗಳನ್ನೆಲ್ಲ ಒಂದೊಂದಾಗಿ ಸುರಿದು ಬೆರಳಾಡಿಸಿದ. ಅಕ್ಕಿ, ಬೇಳೆ, ಚಹಾಪುಡಿ, ಸಕ್ಕರೆ.

"ಡ್ಯಾಡಾ, ಏನು ಹುಡುಕ್ತಿದೀಯಾ? ಕ್ಯಾನ್ ಐ ಪ್ಲೇ?" ಎಂದಳು ಶೆರಿಲ್.

ಶನಿವಾರ ನಡುಕ ಬಂತು. ಭಾನುವಾರ ವಾಂತಿ, ಕಾಲಿನ ಮೂಳೆಯೊಳಗೆ ಏನೋ ಹರಿದಾಡಿದಂತೆ. ಸೋಮವಾರ ಬೆಳಿಗ್ಗೆ ಫೆಲ್ಸಿ ಬಂದಳು. ಒಳಗೆ ಕಾಲಿಡಲಿಲ್ಲ.

"ನನ್ನ ಗಂಡನಿಗೆ ಅರವತ್ತು ವರ್ಷ. ನಿನ್ನ ಬಣ್ಣ ನೋಡಿ ಜನ ಎಂತೆಂತ ಹೇಳಿದ್ದಾರೆ, ನಾನು ಅವರತ್ರ ಜಗಳ ಮಾಡಿದ್ದೇನೆ, ಗೊತ್ತುಂಟಾ? ಇನ್ನು ಯಾವ ಬಾಯಲ್ಲಿ ಜಗಳ ಮಾಡ್ಲಿ?"

ಫೆಲ್ಸಿ ಕೈ ಚಾಚಿ ಶೆರಿಲಳ ಬ್ಯಾಗು ತೆಗೆದುಕೊಂಡಳು. "ಮಗುವನ್ನು ಬಸ್ಸಿಗೆ ನಾನು ಬಿಡ್ತೇನೆ. ನಿನಗೋಸ್ಕರ ಅಲ್ಲ."

ಹನ್ನೊಂದು ಗಂಟೆಗೆ ಸ್ಟ್ಯಾನಿ ಅವಳನ್ನು ಡಾಕ್ಟರ ಬಳಿ ಕರೆದೊಯ್ದ. ಕೆಲಸ ಹೋಗಬಹುದು, ಅಲ್ಲಿ ವಾಸಿಸಲು ಬೇಕಾದ ಇಕಾಮಾ ಹೋಗಬಹುದು ಎಂದು ಇಬ್ಬರಿಗೂ ಗೊತ್ತಿತ್ತು. ಡಾಕ್ಟರು ವಯಸ್ಸಾದ ಮಲಯಾಳಿ ಹೆಂಗಸು. ದಿನಕ್ಕೆಷ್ಟು ಎಂದು ಕೇಳಿದರು.

"ಎರಡು, ಡಾಕ್ಟರ್," ಎಂದ ಸ್ಟ್ಯಾನಿ. ಅವಳ ಕೈಯನ್ನು ಅವನು ಹಿಡಿದುಕೊಂಡಿದ್ದ.

ಡಾಕ್ಟರು ಅವನನ್ನು ನೋಡಲಿಲ್ಲ, ಅವಳನ್ನೇ ನೋಡಿದರು. ಎರಡು ಎಂದರೆ ಚಟ ಬಿಡಿಸುವ ಔಷಧಿಯೂ ಎರಡಕ್ಕೆ ತಕ್ಕಷ್ಟೇ ಸಿಗುತ್ತದೆ, ಅದು ಸಾಲದೆ ತಾನು ಮತ್ತೆ ಯಾರದೋ ಬ್ಯಾಗು ಹುಡುಕಬೇಕಾಗುತ್ತದೆ. ನರ್ಸಿಗೆ ಇದು ಗೊತ್ತಿತ್ತು.

"ಹನ್ನೊಂದು," ಎಂದಳು.

ಸ್ಟ್ಯಾನಿ ಅವಳ ಕೈ ಬಿಟ್ಟ. ಎದ್ದು ಹೋಗಲಿಲ್ಲ. ಡಾಕ್ಟರು ಬರೆಯತೊಡಗಿದರು.